ಪುಟ್ಟಿಯನ್ನು ಸುಮ್ನೆ ಬಿಡು ಅಕ್ಕ

ಡನೀಡಿನ್, ನ್ಯೂಜಿಲೆಂಡ್
ಜೂನ್ 14

ಪ್ರೀತಿಯ ಅಕ್ಕ,

ಇಲ್ಲಿ ಚಳಿ ಶುರುವಾಗಿದೆ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿದೆ, ಹೀಟರ್ ಪಕ್ಕ ಇಟ್ಟು ಬರೆಯಲು ಕೂತೆ.

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ. ನೆಂಟರು ಬಂದರೆ ಪುಟ್ಟಿ ಅಡುಗೆಮನೆ ಬಾಗಿಲ ಹಿಂದೆ ಸೇರಿಕೊಳ್ಳುತ್ತಾಳೆ, ಭಾವ ರೇಗುತ್ತಾರೆ. ಹಿಂದಿನಿಂದ ಅಮ್ಮ, 'ಹುಟ್ಟುಗುಣ ಸುಟ್ಟರೂ ಹೋಗಲ್ಲ, ಚಿಕ್ಕಮ್ಮನ ಹಾಗೇ' ಅಂದಿದ್ದೂ ಕೇಳಿಸಿತು!

ಅಮ್ಮ ಹೇಳಿದ್ದು ಅರ್ಧ ಸರಿ. ಕುಕ್ಕರ್ ಕೂಗಿದರೂ ನಿನ್ನ ದೊಡ್ಡವನು ತೊಟ್ಟಿಲಲ್ಲಿ ಹಾಯಾಗಿ ಮಲಗಿರುತ್ತಿದ್ದ. ಪುಟ್ಟಿ ಬೆಚ್ಚಿಬಿದ್ದು ಅರ್ಧ ಗಂಟೆ ಅಳುತ್ತಿದ್ದಳು. ಅದು ಜಾಯಮಾನ, ಯಾರೂ ಕಲಿಸಿದ್ದಲ್ಲ. ವ್ಯಕ್ತಿತ್ವ ಅನ್ನೋದು ಅದರ ಮೇಲೆ ಕಟ್ಟಿಕೊಳ್ಳುವ ಮನೆ. ರೂಢಿ, ನಂಬಿಕೆ, 'ನಾನು ಇಂಥವಳು' ಅನ್ನುವ ಲೆಕ್ಕ, ಎಲ್ಲ ಅದರಲ್ಲಿ ಸೇರುತ್ತವೆ.

ಇದೇ ಊರಲ್ಲಿ 1972-73ರಲ್ಲಿ ಹುಟ್ಟಿದ 1037 ಮಕ್ಕಳನ್ನು ಸಂಶೋಧಕರು ಇಂದಿಗೂ ಗಮನಿಸುತ್ತಿದ್ದಾರೆ. ಮೂರು ವರ್ಷಕ್ಕೆ, ಗುರುತಿಲ್ಲದವರ ಮುಂದೆ ಹೇಗೆ ನಡೆದುಕೊಂಡರು ಅಂತ ಬರೆದಿಟ್ಟರು. 26 ವರ್ಷಕ್ಕೆ ಮತ್ತೆ ನೋಡಿದಾಗ, ಆಗ ಹಿಂಜರಿಯುತ್ತಿದ್ದವರು ಈಗಲೂ ಮುಂದೆ ನುಗ್ಗುವವರಲ್ಲ, ಹುಷಾರಿನ ಜನ. ಆದರೆ ಆ ನಂಟು ಸಾಧಾರಣದ್ದು ಅಷ್ಟೇ. ಹಣೆಬರಹ ಅಲ್ಲ.

ನನ್ನನ್ನೇ ನೋಡು. ಗಣೇಶನ ಹಬ್ಬದಲ್ಲಿ ಸ್ಟೂಲ್ ಮೇಲೆ ನಿಲ್ಲಿಸಿ ಹಾಡು ಅಂದಾಗ ಇಳಿದು ಮಂಚದ ಕೆಳಗೆ ಹೋಗಿದ್ದೆ, ನೆನಪಿದೆಯಾ? ನೀನೇ ಕಾಲು ಹಿಡಿದು ಎಳೆದದ್ದು! ಈಗ ಔಷಧಿ ಅಂಗಡಿ ಕೌಂಟರಿನಲ್ಲಿ ದಿನವಿಡೀ ಅಪರಿಚಿತರ ಜೊತೆ ಮಾತಾಡುತ್ತೇನೆ. ಆದರೂ ಫೋನ್ ಎತ್ತುವ ಮುಂಚೆ ಒಂದು ಗುಟುಕು ನೀರು ಬೇಕೇ ಬೇಕು.

ನ್ಯೂಯಾರ್ಕಿನ ಥಾಮಸ್ ಮತ್ತು ಚೆಸ್ ಅನ್ನೋ ಗಂಡ ಹೆಂಡತಿ ವೈದ್ಯರು 1956ರಿಂದ ಮಕ್ಕಳನ್ನು ಗಮನಿಸಿದರು. ನೂರರಲ್ಲಿ ಸುಮಾರು 15 ಮಕ್ಕಳು ನಿಧಾನಕ್ಕೆ ಒಗ್ಗುವವರು. ಮಗುವಿನ ಜಾಯಮಾನಕ್ಕೂ ಮನೆಯವರ ನಿರೀಕ್ಷೆಗೂ ಹೊಂದಿಕೆ ಇದೆಯಾ ಅನ್ನೋದೇ ಮುಖ್ಯ ಅಂದರು. ಭಾವನಿಗೆ ಇದನ್ನು ಓದಿ ಹೇಳು, ನಾನು ಹೇಳಿದೆ ಅನ್ನಬೇಡ.

ಮುಂದಿನ ಸಲ ನೆಂಟರು ಬಂದರೆ 'ಮಾತಾಡು' ಅನ್ನಬೇಡ. ಕೋಡುಬಳೆ ತಟ್ಟೆ ಕೈಗೆ ಕೊಡು. ಬಾಗಿಲ ತನಕ ಬಂದರೂ ಸಾಕು. ಏನಾಯ್ತು ಅಂತ ಬರೆ.

ಅಮ್ಮನಿಗೆ ನಮಸ್ಕಾರ.

ನಿನ್ನ ತಂಗಿ