ಬಿತ್ತನೆ ಸಾಸಿವೆ: ಚೀಟಿ ಇಲ್ಲದ ಮಾರಾಟ ನಿಲ್ಲಲಿ

ಮಾನ್ಯರೇ,

ಭತ್ತದ ಕೊಯ್ಲು ಮುಗಿದ ಮೇಲೆ ಬನವಾಸಿ ಸುತ್ತಲಿನ ಗದ್ದೆಗಳಲ್ಲಿ ಉಳಿದ ತೇವಕ್ಕೆ ಸಾಸಿವೆ ಬಿತ್ತುವ ರೈತರಿದ್ದಾರೆ. ಆದರೆ ಬಿತ್ತನೆಗೆಂದೇ ಕೇಳಿದರೂ ಪೇಟೆಯ ಕೆಲವು ಅಂಗಡಿಗಳಲ್ಲಿ ಸಿಗುವುದು ಬಾಯಿ ಬಿಚ್ಚಿದ ಚೀಲದಿಂದ ತೂಗಿಕೊಡುವ ಒಗ್ಗರಣೆಯ ಕಾಳು. ಪ್ರಮಾಣಿತ ಸಾಸಿವೆ ಬೀಜದಲ್ಲಿ ಕನಿಷ್ಠ ಶೇ 85 ಮೊಳಕೆ, ಶೇ 97 ಶುದ್ಧತೆ ಇರಬೇಕು; ತೇವಾಂಶ ಶೇ 8 ಮೀರಬಾರದು. ನಮ್ಮ ಮಳೆಗಾಲದ ತಂಡಿಗೆ ತಿಂಗಳುಗಟ್ಟಲೆ ತೆರೆದಿಟ್ಟ ಕಾಳು ಈ ಮಟ್ಟ ಉಳಿಸಿಕೊಳ್ಳುವುದಾದರೂ ಹೇಗೆ? ಎಲೆಚುಕ್ಕೆ ರೋಗದ ಶಿಲೀಂಧ್ರವೂ ಬೀಜದೊಂದಿಗೇ ಗದ್ದೆಗೆ ಬರುತ್ತದೆ.

ಅದಕ್ಕಿಂತ ಭಯ ಹುಟ್ಟಿಸುವುದು ಆರ್ಜಿಮೋನ್ ಬೆರಕೆ. ಹಳದಿ ಹೂವಿನ ಈ ಮುಳ್ಳುಗಿಡದ ಬೀಜ ನೋಡಲು ಸಾಸಿವೆಯಂತೆಯೇ ಇರುತ್ತದೆ. 1998ರಲ್ಲಿ ದೆಹಲಿಯಲ್ಲಿ ಹಲವರ ಪ್ರಾಣ ತೆಗೆದದ್ದು ಇದರ ಎಣ್ಣೆ ಬೆರೆತ ಸಾಸಿವೆ ಎಣ್ಣೆ. ಅಂಥದ್ದನ್ನು ಕೈಯಾರೆ ಬಿತ್ತಬೇಕೇ?

ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ರೈತರು ಅದನ್ನೂ ಅವಧಿಯ ದಿನಾಂಕವನ್ನೂ ನೋಡಿಯೇ ಕೊಳ್ಳಬೇಕು, ರಸೀದಿ ಪಡೆಯಬೇಕು. ಹಿಂಗಾರಿಗೆ ಮೊದಲೇ ಕೃಷಿ ಇಲಾಖೆಯವರು ಅಂಗಡಿಗಳಿಂದ ಮಾದರಿ ತೆಗೆದು ಪರೀಕ್ಷಿಸಿ, ಫಲಿತಾಂಶವನ್ನು ರೈತ ಸಂಪರ್ಕ ಕೇಂದ್ರಗಳ ಫಲಕದಲ್ಲಿ ಹಾಕಲಿ. ಇಲ್ಲಿ ಸಾಸಿವೆ ಬೆಳೆಯುವವರು ಕಡಿಮೆ ಎಂಬ ಕಾರಣಕ್ಕೆ ಈ ಕೆಲಸ ತಪ್ಪಬಾರದು.

– ಒಬ್ಬ ರೈತ, ಶಿರಸಿ ತಾಲ್ಲೂಕು