ಧಾರೆ ಸೀರೆ ತೆಗೆಯುವ ಮುಂಚೆ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮುಂದಿನ ವಾರ ಜವಳಿ ತೆಗೆಯಲು ಹೊರಟಿದ್ದೀರಂತೆ, ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಆರತಕ್ಷತೆಗೆ ಲೆಹೆಂಗಾ ಬೇಕೋ ಗೌನ್ ಬೇಕೋ ನಿನ್ನಿಷ್ಟ. ಧಾರೆ ಸೀರೆ ವಿಷಯದಲ್ಲಿ ಮಾತ್ರ ನನ್ನ ಮಾತು ಸ್ವಲ್ಪ ಕೇಳು.

ಆ ಸೀರೆ ಉಟ್ಟು ನೀನು ಗಂಟೆಗಟ್ಟಲೆ ಮಣೆ ಮೇಲೆ ಕೂರಬೇಕು, ಹೋಮದ ಶಾಖ ತಡೀಬೇಕು, ಸಪ್ತಪದಿ ತುಳಿಯಬೇಕು, ಬಂದ ಹಿರಿಯರಿಗೆಲ್ಲ ಬಗ್ಗಿ ನಮಸ್ಕಾರ ಮಾಡಬೇಕು. ಅಂಗಡಿಯಲ್ಲಿ ಹೆಗಲ ಮೇಲೆ ಹೊದಿಸಿ ಫೋಟೋ ತೆಗೆದು ಕಳಿಸಿದರೆ ಇದೊಂದೂ ಗೊತ್ತಾಗುವುದಿಲ್ಲ. ನಾಚಿಕೊಳ್ಳದೆ ಅಲ್ಲೇ ಉಡಿಸಿಕೊಂಡು, ಜಮಖಾನದ ಮೇಲೆ ಕೂತು ಎದ್ದು ನೋಡು. ಮೈತುಂಬ ಜರಿಯಿದ್ದ ಸೀರೆ ಕೂತಾಗ ಮಂಡಿ ಹತ್ತಿರ ಉಬ್ಬಿ ನಿಲ್ಲುತ್ತದೆ, ಭುಜ ಎಳೆಯುತ್ತದೆ. ಬಣ್ಣವನ್ನು ಬಾಗಿಲಾಚೆ ಬಿಸಿಲಿಗೆ ಹಿಡಿದೇ ನೋಡಬೇಕು.

ಕಂಚಿ ಸೀರೆ ತೋರಿಸಿದರೆ ಮೊದಲು ಮಗುಚಿ ನೋಡು. ಅಂಚನ್ನೂ ಒಡಲನ್ನೂ ಹೆಣೆದು ಕೂಡಿಸುವ ಕೊರವೈ ನೇಯ್ಗೆಯಲ್ಲಿ ಒಡಲಿಗೊಂದು, ಎರಡು ಅಂಚಿಗೆ ಎರಡು, ಒಟ್ಟು ಮೂರು ಲಾಳಿ ಓಡುತ್ತವೆ. ನೇಯುವವರ ಪಕ್ಕ ಇನ್ನೊಬ್ಬರ ಕೈ ಬೇಕು. ಅಂಚು ಕೂಡುವ ಕಡೆ ಬೆರಳಾಡಿಸು, ಎಳೆಗಳು ಒಂದನ್ನೊಂದು ಹಲ್ಲು ಕಚ್ಚಿದಂತೆ ಹಿಡಿದಿರುತ್ತವೆ. ಸೆರಗಿನ ಬಣ್ಣ ಬೇರೆ ಇದ್ದರೆ ಸೇರುವಲ್ಲಿ ಒಂದು ಸಣ್ಣ ಏಣು ಕಾಣುತ್ತದೆ. ಅದನ್ನು ಡ್ಯಾಮೇಜ್ ಅಂದುಕೊಂಡು ಪಕ್ಕಕ್ಕಿಡುವವರಿದ್ದಾರೆ, ನನಗೆ ಸಂಕಟವಾಗುತ್ತದೆ. ಅಷ್ಟು ಎಳೆಗಳನ್ನು ಕೈಯಲ್ಲಿ ಹೆಣೆದು ಕೂಡಿಸಿದ ಗುರುತು ಅದು! ನಮ್ಮ ಇಳಕಲ್ಲಿನವರೂ ಸೆರಗಿನ ಹಾಸಿನ ಎಳೆಗಳನ್ನು ಒಡಲಿಗೆ ಹೀಗೆಯೇ ಕೊಂಡಿ ಹಾಕಿ ಕೂಡಿಸುತ್ತಾರೆ.

ನನ್ನ ಮನಸ್ಸು ಮಾತ್ರ ಮೈಸೂರು ಸಿಲ್ಕಿನ ಮೇಲೆ. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಶುರುವಾದ ಕಾರ್ಖಾನೆ, ಈಗ ಸರ್ಕಾರದ ರೇಷ್ಮೆ ನಿಗಮ ಕೆಎಸ್‌ಐಸಿ ನಡೆಸುತ್ತಿದೆ. ಹುರಿ ಕೊಟ್ಟ ನೂಲಿನ ಕ್ರೇಪ್ ಆದ್ದರಿಂದ ನೆರಿಗೆ ಇಳಿಬಿದ್ದ ಹಾಗೆ ಇರುತ್ತದೆ, ಮೈಗೆ ಹಗುರ. ಅವರ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ. ಸಣ್ಣ ಜರಿ ಅಂಚಿನದು ತೆಗೆದರೆ ನಾಳೆ ಗೃಹಪ್ರವೇಶಕ್ಕೂ ಉಡಬಹುದು, ನಾಮಕರಣಕ್ಕೂ ಉಡಬಹುದು. ಬೀರುವಿನಲ್ಲೇ ಮುದುಕಿಯಾಗುವ ಸೀರೆ ನಿನಗೆ ಬೇಡ ಕಂದಾ.

ಸಿಲ್ಕ್ ಮಾರ್ಕ್ ಚೀಟಿ ಇದೆಯೇ ಕೇಳು. ಆದರೆ ಆ ಚೀಟಿ ರೇಷ್ಮೆಗೆ ಮಾತ್ರ ಸಾಕ್ಷಿ, ಜರಿಗಲ್ಲ. ಜರಿ ಬೆಳ್ಳಿಯದೋ, ತಾಮ್ರದ್ದೋ, ಪ್ಲಾಸ್ಟಿಕ್ಕಿನದೋ ಬಾಯಿಬಿಟ್ಟು ಕೇಳಿ ಬಿಲ್ಲಿನಲ್ಲಿ ಬರೆಸಿಕೊ. ಅನುಮಾನ ಬಂದರೆ ಸೆರಗಿನ ತುದಿಯಿಂದ ಒಂದೆಳೆ ಕೇಳಿ ಸುಟ್ಟು ನೋಡು: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಉಳಿದದ್ದು ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹೋಮದ ಮುಂದೆ ಕೂರುವವಳ ಮೈಮೇಲೆ ಕರಗುವ ಬಟ್ಟೆ ಇರಬಾರದು, ನನಗೆ ಅದೇ ದೊಡ್ಡ ಭಯ.

ಫಾಲ್ ಹತ್ತಿಯದೇ ತಂದು, ನೆನೆಸಿ ಒಣಗಿಸಿಯೇ ಹೊಲಿಸು, ಇಲ್ಲದಿದ್ದರೆ ಒಗೆದ ಮೇಲೆ ಅದು ಕುಗ್ಗಿ ನೆರಿಗೆಯನ್ನು ಮೇಲಕ್ಕೆಳೆಯುತ್ತದೆ. ರವಿಕೆಗೆ ಕಲ್ಲು, ಮಣಿ ಕೆಲಸ ಕಮ್ಮಿ ಇರಲಿ, ಒಳಗೆ ಎರಡಿಂಚು ಬಟ್ಟೆ ಹೆಚ್ಚಿಗೆ ಬಿಡಲು ಹೇಳು. ಸೆಂಟನ್ನು ಸೀರೆ ಉಡುವ ಮುಂಚೆಯೇ ಹಾಕಿಕೊ, ಜರಿಗೆ ತಾಗಿದರೆ ಕಪ್ಪಾಗುತ್ತದೆ. ಮದುವೆ ಮುಗಿದ ಮೇಲೆ ಗಾಳಿಗೆ ಹಾಕಿ, ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡು. ನಾಲ್ಕಾರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸುತ್ತಿರಬೇಕು, ಒಂದೇ ಗೆರೆಯಲ್ಲಿ ಬಿಟ್ಟರೆ ಅಲ್ಲೇ ಬಿರಿಯುತ್ತದೆ.

ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ, ಆಗ ತೋರಿಸುವವರಿಗೂ ತಾಳ್ಮೆ ಇರುತ್ತದೆ. ಜೊತೆಗೆ ಇಬ್ಬರಿಗಿಂತ ಹೆಚ್ಚು ಜನ ಬೇಡ.

ಇತಿ,
ನಿನ್ನ ದೊಡ್ಡಮ್ಮ