94ರ ಮೇಲೆ ನಿಂತವಳಿಗೆ

ಶಿಡ್ಲಘಟ್ಟ ತಾಲ್ಲೂಕು,
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನಿನ್ನ ಕಾಗದ ಗುರುವಾರವೇ ಬಂತು. ಫೋನಿನಲ್ಲಿ ನನಗೆ ಅರ್ಧ ಮಾತು ಕೇಳಿಸುವುದಿಲ್ಲವೆಂದು ಕುಳಿತು ಕಾಗದ ಬರೆಯುವವಳು ಈ ಕಾಲದಲ್ಲಿ ನೀನೊಬ್ಬಳೇ ಇರಬೇಕು. ಅಂದೇ ಉತ್ತರ ಬರೆಯಬೇಕೆಂದಿದ್ದೆ. ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವುದರಲ್ಲೇ ಮೂರು ದಿನ ಹೋಯಿತು. ಇಂದು ಸಂಜೆ ಅವು ಮೇವು ಬಿಟ್ಟು, ಪೊರೆ ಕಳಚಲು ನಾಲ್ಕನೇ ಜ್ವರಕ್ಕೆ ಕುಳಿತವು. ನಾಳೆ ಸಂಜೆಯವರೆಗಾದರೂ ಸೊಪ್ಪು ಹಾಕುವ ಕೆಲಸವಿಲ್ಲ. ನಿಮ್ಮ ಮಾವ ಗೊರಕೆ ಹೊಡೆಯುತ್ತಿದ್ದಾರೆ. ನಾನು ನಿನ್ನ ಕಾಗದವನ್ನು ಮತ್ತೆ ಬಿಡಿಸಿಕೊಂಡು ಕುಳಿತಿದ್ದೇನೆ.

ತೂಕ ಇಳಿಸಲೆಂದು ನಿನಗೆ ಹೊಟ್ಟೆಯ ಆಪರೇಷನ್ ಆದ ಆಸ್ಪತ್ರೆಯ ಆ ದಿನಗಳು, ನಿಮ್ಮಮ್ಮನ ಹರಕೆ, ನೆಂಟರ ಮೂಗು ಮುರಿತ, ಎಲ್ಲವೂ ನಮ್ಮಿಬ್ಬರಿಗೂ ಗೊತ್ತಿರುವುದೇ. ಬಿಡು. ಮೂರನೇ ಪುಟದ ಕೊನೆಯಲ್ಲಿ ನೀನು ಬರೆದ ಎರಡು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. “ಮೂರು ವಾರದಿಂದ 94ರಲ್ಲೇ ನಿಂತಿದ್ದೇನೆ ಅತ್ತೆ. ಆಪರೇಷನ್ ಕೂಡ ನನ್ನ ಮೈಯ ಮುಂದೆ ಸೋತಿತು ಎನ್ನಿಸುತ್ತದೆ, ರಾತ್ರಿ ಊಟ ಬಿಟ್ಟಿದ್ದೇನೆ.” ಅದರ ಹಿಂದೆ ಕಚೇರಿಯ ವಿಷಯ, ಮುಂದೆ ಮಳೆಯ ವಿಷಯ. ನಡುವೆ ಈ ಮಾತನ್ನು ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಬಡಿಸಿ ಹೋಗಿದ್ದೀಯೆ. ನನಗೆ ಊಟವೆಲ್ಲ ಅದೇ ಆಗಿಬಿಟ್ಟಿದೆ.

118ರಿಂದ 94. ನಾಲ್ಕು ತಿಂಗಳಲ್ಲಿ 24 ಕೆಜಿ. ಅಂಗಡಿಯಿಂದ ತರುವ ಅಕ್ಕಿ ಚೀಲ 25 ಕೆಜಿ. ಅದನ್ನು ಆಟೋದಿಂದ ಪಡಸಾಲೆಗೆ ತರಲು ನಿಮ್ಮ ಮಾವನಿಗೆ ಎರಡು ಕಡೆ ನಿಲ್ಲಬೇಕಾಗುತ್ತದೆ. ಅಷ್ಟನ್ನು ನೀನು ಹಗಲೂ ರಾತ್ರಿ ಹೊತ್ತಿದ್ದೆ, ಈಗ ಇಳಿಸಿದ್ದೀಯೆ. ಹೀಗೆ ಹೇಳಿದರೆ ನಿನಗೆ ಸಮಾಧಾನವಾಗುವುದಿಲ್ಲವೆಂದು ಗೊತ್ತು. ಇಳಿದದ್ದು ನಿನ್ನ ಲೆಕ್ಕಕ್ಕೆ ಬರುವುದಿಲ್ಲ, ನಿಂತದ್ದೇ ಕಣ್ಣು ಕುಕ್ಕುತ್ತದೆ.

ಆಸ್ಪತ್ರೆಯ ಆಹಾರ ತಜ್ಞೆ ಮಂಚದ ಪಕ್ಕದಲ್ಲಿ ನಿಂತು ಹೇಳಿದ್ದೆಲ್ಲ ನಿನಗೆ ಆ ಮಂಪರಿನಲ್ಲಿ ಎಷ್ಟು ಕೇಳಿಸಿತೋ. ನಾನು ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು ಅದರ ಹಿಂದೆ ಬರೆದುಕೊಂಡಿದ್ದೆ. ಈಗ ಹುಡುಕಿ ತೆಗೆದೆ. ನನ್ನ ಅಕ್ಷರ ನನಗೇ ಓದಲಾಗುತ್ತಿಲ್ಲ, ಆದರೂ ಒಂದು ಸಾಲಿನ ಕೆಳಗೆ ಎರಡು ಗೀಟು ಎಳೆದಿದ್ದೇನೆ: “ನಡುನಡುವೆ ನಿಲ್ಲುತ್ತದೆ, ಹೆದರಬಾರದು.” ತೂಕ ಇಳಿಯುವುದು ಒಂದು ವರ್ಷದಿಂದ ಒಂದೂವರೆ ವರ್ಷದವರೆಗಿನ ಬಾಬತ್ತು, ಮೊದಲ ಆರು ತಿಂಗಳು ವೇಗ, ಆಮೇಲೆ ನಿಧಾನ, ಮೆಟ್ಟಿಲಿಳಿದ ಹಾಗೆ ಇಳಿಯುತ್ತದೆಯೇ ಹೊರತು ಜಾರುಬಂಡೆಯ ಹಾಗಲ್ಲ ಎಂದಿದ್ದರು. ನೀನಿರುವುದು ನಾಲ್ಕನೇ ತಿಂಗಳಲ್ಲಿ.

ಅದರ ಕೆಳಗೆ ಗ್ಲೈಕೊಜೆನ್ ಎಂದು ಬರೆದಿದೆ. ಆ ಪದವನ್ನು ಅವರಿಂದ ಎರಡು ಬಾರಿ ಹೇಳಿಸಿಕೊಂಡಿದ್ದೆ. ಮೈ ಸಕ್ಕರೆಯನ್ನು ಆ ರೂಪದಲ್ಲಿ ಲಿವರಿನಲ್ಲೂ ಮಾಂಸಖಂಡದಲ್ಲೂ ಕೂಡಿಡುತ್ತದಂತೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಆಪರೇಷನ್ ಆದ ಹೊಸದರಲ್ಲಿ ಆ ದಾಸ್ತಾನು ಖಾಲಿಯಾಗಿ ನೀರೂ ಜೊತೆಗೆ ಹೋಗುವುದರಿಂದಲೂ ತೂಕ ದಡದಡನೆ ಇಳಿಯುವುದು. ಮೊದಲ ತಿಂಗಳಲ್ಲಿ ನಾವು ಸಂಭ್ರಮಪಟ್ಟ ಕೆಜಿಗಳಲ್ಲಿ ಎಷ್ಟು ನೀರಿತ್ತೋ ಯಾರು ಬಲ್ಲರು. ಹಾಗೆಯೇ ನೀರು ಮೈಯಲ್ಲಿ ನಿಂತಾಗ, ಮುಟ್ಟು ಹತ್ತಿರವಾದಾಗ, ಹೊಟ್ಟೆ ಸರಿಯಾಗಿ ಹೋಗದಿದ್ದಾಗ, ಒಳಗೆ ಕೊಬ್ಬು ಕರಗುತ್ತಿದ್ದರೂ ತಕ್ಕಡಿ ಅದೇ ಅಂಕಿ ತೋರಿಸುತ್ತದೆ. ಇನ್ನೊಂದು, 118 ಕೆಜಿಯ ಮೈ ಸುಮ್ಮನೆ ಉಸಿರಾಡಿಕೊಂಡಿರಲು ಸುಡುತ್ತಿದ್ದಷ್ಟನ್ನು 94 ಕೆಜಿಯ ಮೈ ಸುಡುವುದಿಲ್ಲ. ನಿಧಾನವಾಗುವುದು ಅದಕ್ಕೂ ಸೇರಿ. ಹಾಗಾಗಿ ಸೋತಿತು ಎಂಬ ಪದ ನಿನಗೆ ಎಲ್ಲಿಂದ ಬಂತೋ ನನಗೆ ತಿಳಿಯುತ್ತಿಲ್ಲ.

ತಿಳಿಯುತ್ತಿಲ್ಲ ಎಂದದ್ದು ಸುಳ್ಳು. ಅದಕ್ಕೆ ಆಮೇಲೆ ಬರುತ್ತೇನೆ.

ಹುಳುಮನೆಯಲ್ಲಿ ಈಗ ಸದ್ದಿಲ್ಲ. ನಿನ್ನೆಯವರೆಗೆ ಸೊಪ್ಪು ಮೇಯುವ ಸದ್ದು ಸೋನೆ ಮಳೆಯ ಹಾಗೆ ಇಲ್ಲಿಗೂ ಕೇಳುತ್ತಿತ್ತು. ಈಗ ಒಂದೊಂದೂ ತಲೆಯೆತ್ತಿ ಕಲ್ಲಾಗಿ ಕುಳಿತಿವೆ. ಮದುವೆಯಾಗಿ ಬಂದ ಮೊದಲ ವರ್ಷ ಇದನ್ನು ನೋಡಿ ನನ್ನ ಜೀವ ಹೋಗಿತ್ತು. ಬಾಗೇಪಲ್ಲಿ ಕಡೆಯ ಹುಡುಗಿ, ರಾಗಿ ಹುರುಳಿ ಬಿಟ್ಟು ಬೇರೆ ಬೆಳೆ ಕಂಡವಳಲ್ಲ. ನಮ್ಮತ್ತೆ ಸಾವಿನ ಮನೆಗೆ ಹೋಗಿದ್ದರು, “ಜ್ವರಕ್ಕೆ ಕೂರುತ್ತವೆ, ಮುಟ್ಟಬೇಡ” ಎಂದು ಹೇಳಿಯೇ ಹೋಗಿದ್ದರು. ನನಗೆ ತಡೆಯಲಾಗಲಿಲ್ಲ. ಒಂದೂ ಅಲುಗುತ್ತಿಲ್ಲ, ಸತ್ತೇಹೋದವು, ನನ್ನ ಕೈಗುಣ ಎಂದುಕೊಂಡೆ. ತಟ್ಟೆ ಅಲುಗಿಸಿದೆ. ಬೆರಳಿನಿಂದ ತಳ್ಳಿದೆ. ಎಳೆ ಸೊಪ್ಪು ತಂದು ಮೇಲೆ ಹರವಿದೆ. ಅದು ಬಾಡಿ ಹಾಸಿಗೆ ತೇವವಾಯಿತು. ಮೊದಲೆದ್ದ ನಾಲ್ಕಾರು ತಿನ್ನತೊಡಗಿದವು, ಉಳಿದವು ತೇವದ ಕೆಳಗೆ ಇನ್ನೂ ಪೊರೆ ಬಿಡುತ್ತಿದ್ದವು. ಆ ಬೆಳೆ ಏರುಪೇರಾಗಿ, ಅರ್ಧ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಹೋಗುವಾಗ ಅರ್ಧ ಇನ್ನೂ ಸೊಪ್ಪು ಕೇಳುತ್ತಿತ್ತು. ಕೊನೆಗೆ ಸಪ್ಪೆ ರೋಗವೂ ಬಂತು. ಗೂಡು ಮಾರುಕಟ್ಟೆಗೆ ಒಯ್ಯಲು ನಿಮ್ಮ ಮಾವನಿಗೆ ನಾಚಿಕೆಯಾಗುವಷ್ಟು ಕಡಿಮೆ ಗೂಡು. ನಮ್ಮತ್ತೆ ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ.

ನಿನ್ನನ್ನು ಹುಳುವಿಗೆ ಹೋಲಿಸಿದೆನೆಂದು ಮುನಿಸಿಕೊಳ್ಳಬೇಡ. ಹೋಲಿಕೆಯೂ ತಲೆಕೆಳಗೇ. ಅದು ಜ್ವರಕ್ಕೆ ಕೂರುವುದು ಇನ್ನಷ್ಟು ದಪ್ಪವಾಗುವುದಕ್ಕೆ. ನನಗೆ ನೆನಪಾದದ್ದು ಹುಳುವಲ್ಲ, ಆ ರಾತ್ರಿ ಗಳಿಗೆಗೊಮ್ಮೆ ದೀಪ ಹಿಡಿದು ಹೋಗಿ ನೋಡುತ್ತಿದ್ದ ನನ್ನ ಅವಸ್ಥೆ. ನೀನು ದಿನಕ್ಕೆ ಎಷ್ಟು ಬಾರಿ ತಕ್ಕಡಿ ಹತ್ತುತ್ತೀಯೆ? ಬೆಳಿಗ್ಗೆ ಒಮ್ಮೆ, ಕಚೇರಿಯಿಂದ ಬಂದು ಒಮ್ಮೆ ಎಂದು ನಿಮ್ಮಪ್ಪ ಹೇಳಿದ. ಅವನಿಗೆ ಹೇಗೆ ಗೊತ್ತು ಎನ್ನಬೇಡ, ತಕ್ಕಡಿ ಅವನ ಕೋಣೆಯ ಬಾಗಿಲ ಬಳಿಯೇ ಇದೆಯಂತೆ. ಆಗುವುದಾದರೆ ವಾರಕ್ಕೊಮ್ಮೆ, ಒಂದೇ ದಿನ ಒಂದೇ ಹೊತ್ತಿಗೆ ಹತ್ತು. ಆಗದಿದ್ದರೆ ಬೇಡ, ನಾನೇನು ಡಾಕ್ಟರಲ್ಲ. ಒಂದು ಹಳೆಯ ರವಿಕೆ ಹಾಕಿ ನೋಡು ಎನ್ನೋಣವೆಂದರೆ ನೀನು ರವಿಕೆ ಹಾಕುವುದೇ ಯುಗಾದಿಗೆ.

ಊಟದ ಮಾತು. ರಾತ್ರಿ ಊಟ ಬಿಟ್ಟರೆ ಮುಳ್ಳು ಅಲುಗುತ್ತದೆ ಎಂದುಕೊಂಡಿದ್ದೀಯೆ. ಅಲುಗಿದರೂ ಹೋಗುವುದು ಕೊಬ್ಬೊಂದೇ ಅಲ್ಲ, ಮಾಂಸಖಂಡವೂ ಹೋಗುತ್ತದೆ. ಕ್ಯಾಲೆಂಡರಿನ ಹಾಳೆಯಲ್ಲಿ ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ ಎಂದು ಬರೆದಿದೆ. ಒಂದು ಮೊಟ್ಟೆಗೆ ಸಿಗುವುದು ಆರು ಗ್ರಾಂ. ಈಗಿನ ನಿನ್ನ ಹೊಟ್ಟೆಗೆ ಹಿಡಿಯುವುದೇ ಅಷ್ಟು, ಅದರಲ್ಲೂ ಒಂದು ಹೊತ್ತು ಕಳೆದರೆ 60 ಎಲ್ಲಿಂದ ಬರಬೇಕು? ಕೂದಲು ಉದುರುತ್ತಿದೆ ಎಂದು ಎರಡನೇ ಪುಟದಲ್ಲಿ ಬರೆದಿದ್ದೀಯಲ್ಲ, ಮೂರು ನಾಲ್ಕು ತಿಂಗಳಿಗೆ ಅದು ಶುರುವಾಗುವುದುಂಟು, ಸಾಮಾನ್ಯವಾಗಿ ವಾಪಸು ಬರುತ್ತದೆ ಎಂದು ಅವರೇ ಹೇಳಿದ್ದರು. ಊಟ ಬಿಟ್ಟರೆ ಅದು ಇನ್ನೂ ಹೆಚ್ಚೀತು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗುತ್ತಿಲ್ಲ ತಾನೆ? ನಡುವೆ ಎರಡು ಗಂಟೆಯಾದರೂ ಇರಲಿ ಎಂದಿದ್ದರು.

ಮುದ್ದೆಯ ಆಸೆ ಬಂದಿದೆ ಎಂದೂ ಬರೆದಿದ್ದೀಯೆ. ಇದಕ್ಕೆ ನಾನು ಏನು ಹೇಳಲಿ? ಮುದ್ದೆ ಅಗಿಯುವವರನ್ನು ಕಂಡರೆ ನಗುವ ಊರು ನಮ್ಮದು. ಸಾರಿನಲ್ಲಿ ಅದ್ದಿ ಗುಳುಂ ಎನ್ನಿಸುವುದನ್ನು ನಿನಗೆ ಕಲಿಸಿದವಳೇ ನಾನು, ನಿನಗಾಗ ಮೂರು ವರ್ಷ. ಈಗ ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕೆಂದು ಅವರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಮುದ್ದೆಯೇ. ಡಾಕ್ಟರು ಒಪ್ಪಿದರೆ ನಿಂಬೆಹಣ್ಣಿನಷ್ಟು ಮಾಡಿಕೊ, ಅಗಿ, ನಗುವವರು ನಗಲಿ. ಆದರೆ ಮೊದಲು ಮೊಟ್ಟೆಯೋ, ಬೇಯಿಸಿ ಮಸೆದ ಕಾಳೋ, ಪನೀರೋ ಒಳಗೆ ಹೋಗಲಿ. ಮುದ್ದೆ ಜಾಗ ತಿನ್ನುತ್ತದೆ, ಪ್ರೋಟೀನ್ ಕೊಡುವುದು ಕಡಿಮೆ. ನೀರನ್ನು ಊಟದ ಜೊತೆ ಕುಡಿಯಬೇಡ, ಅರ್ಧ ಗಂಟೆ ಬಿಡು. ಇದೆಲ್ಲ ನಿನಗೆ ಗೊತ್ತು. ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಹೇಳಬೇಕಾದದ್ದನ್ನು ಮುಂದೂಡಲು.

ನಿನಗೆ ಹನ್ನೊಂದು ವರ್ಷ. ಬೇಸಿಗೆ ರಜೆಗೆ ಬಂದಿದ್ದೆ. ರಾಗಿ ಕೊಳ್ಳುವ ವ್ಯಾಪಾರಿ ಅಂಗಳದಲ್ಲಿ ಕಬ್ಬಿಣದ ಹಲಗೆಯ ದೊಡ್ಡ ತಕ್ಕಡಿ ಇಟ್ಟಿದ್ದ. ಮೂಟೆಗಳ ನಡುವೆ ಮಕ್ಕಳು ಒಬ್ಬೊಬ್ಬರಾಗಿ ಹತ್ತಿ ಇಳಿಯುತ್ತಿದ್ದರು. ತೊಟ್ಟಿಯಲ್ಲಿ ಆಡಿ ಒದ್ದೆ ಕಾಲಿನಲ್ಲಿ ಬಂದ ನೀನೂ ಹತ್ತಿದೆ. ಆತ ಕಡ್ಡಿಯ ಮೇಲಿನ ಗುಂಡನ್ನು ಸರಿಸಿ ಸರಿಸಿ, “ಅರ್ಧ ಮೂಟೆ ದಾಟಿತಲ್ಲಮ್ಮ, ಇದಕ್ಕೂ ದರ ಕಟ್ಟೋಣವೇ?” ಎಂದ. ಅಂಗಳವೆಲ್ಲ ನಕ್ಕಿತು. ನಾನೂ ನಕ್ಕೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. ನೀನು ಇಳಿದು ಹೋದ ಮೇಲೆ ಹಲಗೆಯ ಮೇಲೆ ನಿನ್ನ ಎರಡು ಪಾದಗಳ ಒದ್ದೆ ಗುರುತು ಉಳಿದಿತ್ತು. ಆತ ಅದರ ಮೇಲೆಯೇ ಮುಂದಿನ ಮೂಟೆ ಎತ್ತಿಟ್ಟ.

ಆ ರಾತ್ರಿ ನೀನು ಊಟಕ್ಕೆ ಏಳಲಿಲ್ಲ. ಒಬ್ಬಟ್ಟು ಮಾಡಿದ್ದೆವು. ನಿಮ್ಮಮ್ಮ ಎಬ್ಬಿಸಲು ಹೊರಟಾಗ, “ಒಂದು ಹೊತ್ತು ಬಿಟ್ಟರೆ ಅವಳಿಗೆ ಒಳ್ಳೆಯದೇ, ಬಿಡು” ಎಂದವಳು ನಾನು. ನೀನು ಬಾಗಿಲ ಹಿಂದೆ ಮಗ್ಗುಲಾಗಿ ಮಲಗಿದ್ದೆ. ನಿನಗೆ ಎಚ್ಚರವಿತ್ತೋ ಇಲ್ಲವೋ ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ. ಈ ಗುರುವಾರ “ರಾತ್ರಿ ಊಟ ಬಿಟ್ಟಿದ್ದೇನೆ” ಎಂದು ಓದಿದಾಗ, ಎಚ್ಚರವಿತ್ತು ಎಂದು ಗೊತ್ತಾಯಿತು ಎನ್ನಿಸಿತು. ನನ್ನ ಊಹೆ ಇರಬಹುದು. ತಪ್ಪಾಗಿದ್ದರೆ ಬರೆ, ನನಗೂ ನಿದ್ದೆ ಬರಲಿ.

ಸೋಮವಾರ ಬೆಳಿಗ್ಗೆ

ರಾತ್ರಿ ಅಲ್ಲಿಗೆ ನಿಲ್ಲಿಸಿದ್ದೆ. ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ ಬಂದೆ. ಹುಳು ಹಾಗೆಯೇ ಕುಳಿತಿವೆ.

ನಿಮ್ಮಪ್ಪನ ದುಡ್ಡು ನೀರಿಗೆ ಹೋಯಿತೇನೋ ಎಂದೂ ಒಂದು ಮಾತಿದೆ ನಿನ್ನ ಕಾಗದದಲ್ಲಿ. ದುಡ್ಡು ನೀರಿಗೆ ಹೋಗುವುದು ಎಂದರೇನೆಂದು ಅವನನ್ನು ಕೇಳು. ಸಾವಿರದಿನ್ನೂರು ಅಡಿ ಕೊರೆಸಿ ಬರೀ ದೂಳು ಕಂಡವನು, ಮರುವರ್ಷ ಹತ್ತು ಮಾರು ಆಚೆ ಮತ್ತೆ ತೆಂಗಿನಕಾಯಿ ಒಡೆದವನು ಅವನು. 24 ಕೆಜಿ ಕಣ್ಣಿಗೆ ಕಾಣುತ್ತಿರುವಾಗ ಅವನನ್ನು ನೀನು ಹೆದರಿಸಲಾರೆ. ನಿನಗೆ ಸಕ್ಕರೆ ಕಾಯಿಲೆಯ ಮಾತ್ರೆ ಅರ್ಧಕ್ಕೆ ಇಳಿಸಿದರು ಎಂದು ಅವನು ಊರೆಲ್ಲ ಹೇಳಿಕೊಂಡು ಬಂದಿದ್ದಾನೆ. ಅದನ್ನು ನೀನು ಕಾಗದದಲ್ಲಿ ಬರೆಯಲೇ ಇಲ್ಲ. ನಾನು ಅವನ ಬಾಯಿಂದ ಕೇಳಬೇಕಾಯಿತು.

ಮುಂದಿನ ಬಾರಿ ರಕ್ತಪರೀಕ್ಷೆಗೆ ಯಾವಾಗ ಬರಹೇಳಿದ್ದಾರೆ? ಮೂರು ವಾರ ನಿಂತಿದೆ, ಹೆದರಿ ಊಟ ಬಿಟ್ಟೆ ಎಂದು ಅವರ ಮುಂದೆ ಹಾಗೆಯೇ ಹೇಳು. ನಾಚಿಕೊಳ್ಳಬೇಡ. ತಿಂದದ್ದು ನಿಲ್ಲದೆ ವಾಂತಿಯಾಗುತ್ತಿದ್ದರೆ ಮಾತ್ರ ತಾರೀಖಿಗೆ ಕಾಯಬೇಡ, ಅಂದೇ ಹೋಗು. ನಾನೂ ಬರುತ್ತೇನೆ. ಬೆಳೆ ಹಣ್ಣಾಗುವವರೆಗೆ ಕಾಲು ಕೀಳಲಾಗುವುದಿಲ್ಲ, ಗೂಡು ಮಾರಿದ ಮರುದಿನ ಬರುತ್ತೇನೆ. ಬಂದಾಗ ತಕ್ಕಡಿ ಎಲ್ಲಿದೆ ಎಂದು ಕೇಳುವುದಿಲ್ಲ.

ನಿಮ್ಮಪ್ಪ ಶನಿವಾರ ಇಲ್ಲಿಗೆ ಬಂದು ಹೋಗುತ್ತಾನಂತೆ. ಅವನ ಕೈಯಲ್ಲಿ ಎರಡು ಸೇರು ಹುರುಳಿ ಕಳುಹಿಸುತ್ತೇನೆ. ಮೊಳಕೆ ಕಟ್ಟಿ, ಚೆನ್ನಾಗಿ ಬೇಯಿಸಿ, ಮಸೆದು ತಿನ್ನು. ಖಾರ ಕಡಿಮೆ ಹಾಕು.

ಈಗ ಹೋಗಿ ನೋಡಿದೆ. ಮೂಲೆಯ ತಟ್ಟೆಯಲ್ಲಿ ಹತ್ತಿಪ್ಪತ್ತು ಹುಳು ಪೊರೆ ಕಳಚಿ ಎದ್ದಿವೆ, ಮಿಕ್ಕವು ಇನ್ನೂ ಇಲ್ಲ. ಎಲ್ಲ ಏಳುವವರೆಗೆ ಸೊಪ್ಪು ಹಾಕುವುದಿಲ್ಲ. ಅಷ್ಟರೊಳಗೆ ಕೊಯ್ದಿಟ್ಟುಕೊಳ್ಳಬೇಕು, ತೋಟಕ್ಕೆ ಹೊರಟೆ.

ಇಂದು ರಾತ್ರಿ ಏನು ತಿಂದೆ ಎಂದು ಬರೆ. ಅರ್ಧ ಮೊಟ್ಟೆಯಾದರೆ ಅರ್ಧ ಮೊಟ್ಟೆ ಎಂದೇ ಬರೆ.

ನಿನ್ನ ಅತ್ತೆ